ನಾಲ್ಕನೆಯ ಗೀರು

೯ ಮಾರ್ಚ್ ೧೯೬೪, ಕೊಳ್ಳೇಗಾಲ

ಡಾಕ್ಟರ್ ವರದರಾಜನ್ ಒಂದು ನೋಟ್‌ಬುಕ್ ಇಡಲು ಹೇಳಿದರು. ತಾರೀಕು, ಉಬ್ಬಸ ಬಂದ ಹೊತ್ತು, ಎಷ್ಟು ಮಾತ್ರೆ, ಎಷ್ಟು ದಿಂಬಿಗೆ ಒರಗಿ ಮಲಗಿದೆ. ಅಷ್ಟು ಸಾಕು, ಕಥೆ ಬೇಡ ಎಂದರು. ಅಂಗಡಿಯಲ್ಲಿ ಎರಡು ಕೊಂಡೆ. ಒಂದು ಅವರಿಗೆ. ಬೇಡವೆಂದದ್ದು ಇದರಲ್ಲಿ.

ಕೆಲಸವೇನು ಎಂದು ಕೇಳಿದರು. ಹತ್ತೊಂಬತ್ತು ವರ್ಷದಿಂದ ದೊಡ್ಡಮಾದಪ್ಪನ ಮೊಟ್ಟೆಮನೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುತ್ತೇನೆ ಎಂದೆ. ಅವರು ಕೊಯಮತ್ತೂರಿನ ಕಡೆಯವರು, ರೇಷ್ಮೆಯನ್ನು ಸೀರೆಯಾಗಿ ಮಾತ್ರ ಕಂಡವರು. ಬಿಡಿಸಿ ಹೇಳಬೇಕಾಯಿತು. ಬೆಳಗ್ಗೆ ಗೂಡು ತೂತು ಮಾಡಿಕೊಂಡು ಚಿಟ್ಟೆ ಹೊರಗೆ ಬರುತ್ತದೆ. ಗಂಡು ಹೆಣ್ಣು ಕೂಡಿದ ನಾಲ್ಕು ಗಂಟೆಗೆ ಹೆಂಗಸರು ಕೂತು ಅವನ್ನು ಕೈಯಿಂದ ಬಿಡಿಸುತ್ತಾರೆ. ಹೆಣ್ಣು ಕಾರ್ಡಿನ ಮೇಲೆ ಮೊಟ್ಟೆಯಿಡುತ್ತದೆ. ಮಾರನೆಯ ದಿನ ಆ ತಾಯಿ ಚಿಟ್ಟೆಯನ್ನು ಅರೆದು ಒಂದು ಹನಿಯನ್ನು ಗಾಜಿಗೆ ಹಚ್ಚಿ ನಾನು ನೋಡುತ್ತೇನೆ. ತಾಯಿಯಿಂದ ಮೊಟ್ಟೆಗೆ ಇಳಿಯುವ ಗಂಟುರೋಗದ ಕಣ ಕಂಡರೆ ಕಾರ್ಡು ಬೆಂಕಿಗೆ. ಕಾಣದಿದ್ದರೆ ಅದು ಹನೂರಿನಲ್ಲೋ ಯಳಂದೂರಿನಲ್ಲೋ ಯಾರದೋ ಮನೆಯ ಬೆಳೆಯಾಗುತ್ತದೆ.

"ನಿಮ್ಮ ಕಣ್ಣು ತಪ್ಪಿದರೆ?"

ಜೊತೆಗೆ ಬಂದಿದ್ದ ದೊಡ್ಡಮಾದಪ್ಪನೇ ಉತ್ತರ ಕೊಟ್ಟ. "ಇವ್ನ್ ಕಣ್ಣು ತಪ್ಪಾಕಿಲ್ಲ ಡಾಕ್ಟ್ರೆ. ತಪ್ತಾ ಇರೋದು ಉಸ್ರು. ಅದ್ನ ನೋಡಿ."

ಡಾಕ್ಟರು ಒಂದು ಬೆಂಕಿಕಡ್ಡಿ ಗೀರಿ ನನ್ನ ಬಾಯಿಂದ ಗೇಣು ದೂರಕ್ಕೆ ಹಿಡಿದರು. ತುಟಿ ಕೂಡಿಸದೆ, ಬಾಯಿ ಅಗಲ ತೆರೆದು ಊದಬೇಕು. ಊದಿದೆ. ಜ್ವಾಲೆ ಬಾಗಿ ಮತ್ತೆ ನೆಟ್ಟಗಾಯಿತು. ಇನ್ನೊಂದು ಕಡ್ಡಿ. ಅದೂ ಅವರ ಬೆರಳಿನವರೆಗೆ ಉರಿಯಿತು. ಆಮೇಲೆ ಒಂದೇ ಉಸಿರಿನಲ್ಲಿ ಎಣಿಸಲು ಹೇಳಿದರು. ಹನ್ನೊಂದಕ್ಕೆ ನಿಂತೆ.

"ಲೇ, ಇಸ್ಕೂಲ್ನಾಗೆ ನೂರರವರ್ಗೂ ಎಣಿಸ್ತಿದ್ದೆ ಕಣ್ಲಾ, ಎಣ್ಸಕ್ ಬರ್ದಿದ್ದ ನಂಗೆ ಏಟು ಬೀಳ್ಲಿ ಅಂತ!" ಎಂದು ದೊಡ್ಡಮಾದಪ್ಪ ನಕ್ಕ. ಅವನ ಕಣ್ಣಿನಲ್ಲಿ ನೀರಿತ್ತು. ಇದ್ದದ್ದನ್ನು ಬರೆಯುತ್ತಿದ್ದೇನೆ.

೧೬ ಮಾರ್ಚ್

ಬೆಳಗ್ಗೆ ಹತ್ತಕ್ಕೆ ಶುರುವಾಯಿತು. ಎರಡು ಎಫೆಡ್ರಿನ್ ನುಂಗಿದರೂ ಎದೆ ಬಿಡಲಿಲ್ಲ. ಒಳಗೆ ತೆಗೆದುಕೊಂಡದ್ದು ಹೊರಗೆ ಹೋಗುವುದಿಲ್ಲ, ಕಷ್ಟವಿರುವುದು ಅಲ್ಲಿ. ನೋಡುವವರು ಉಸಿರು ಸಿಗುತ್ತಿಲ್ಲ ಎಂದುಕೊಳ್ಳುತ್ತಾರೆ.

ದೊಡ್ಡಮಾದಪ್ಪ ತನ್ನ ಕಾರಿನಲ್ಲಿ ಎತ್ತಿ ಹಾಕಿಕೊಂಡು ಹೋದ. ಡಾಕ್ಟರು ರಕ್ತನಾಳಕ್ಕೆ ಔಷಧ ಏರಿಸಿದರು, ಗಡಿಯಾರ ನೋಡುತ್ತ ಹತ್ತು ನಿಮಿಷ. ಬೇಗ ಕೊಟ್ಟರೆ ಗುಂಡಿಗೆಗೆ ಕಷ್ಟವಂತೆ. ಮೈ ಬಿಸಿಯಾಯಿತು, ಕಿವಿಯಲ್ಲಿ ಬಡಿತ ಕೇಳಿಸಿತು, ಆಮೇಲೆ ಎಲ್ಲೋ ಒಂದು ಗಂಟು ಸಡಿಲವಾಯಿತು. ಅಷ್ಟು ಹೊತ್ತೂ ದೊಡ್ಡಮಾದಪ್ಪ ನನ್ನ ಪಾದ ಹಿಡಿದುಕೊಂಡಿದ್ದ.

೨ ಏಪ್ರಿಲ್

ಹೋದ ವಾರ ಡಾಕ್ಟರು ಆರು ಪೊಟ್ಟಣ ತರಿಸಿಕೊಂಡಿದ್ದರು. ಮನೆಯ ಮೂಲೆಯ ದೂಳು, ದಿಂಬಿನ ಹತ್ತಿ, ಒಣಗಿದ ಹಿಪ್ಪುನೇರಳೆ ಸೊಪ್ಪು, ಹಟ್ಟಿಯ ಹುಲ್ಲು, ಅಡುಗೆಮನೆಯ ಹಿಟ್ಟು, ನಾನು ಕೂರುವ ಚಿಟ್ಟೆಕೋಣೆಯ ನೆಲದ ಕಸ. ನಾನೇ ಕಟ್ಟಿ ಒಯ್ದು ಕೊಟ್ಟಿದ್ದೆ. ಅವನ್ನು ನೆನೆಹಾಕಿ ಸೋಸಿ ಆರು ಸೀಸೆಗಳಲ್ಲಿ ಇಟ್ಟುಕೊಂಡಿದ್ದಾರೆ.

ಇವತ್ತು ಮುಂಗೈ ಮೇಲೆ ಮಸಿಯಿಂದ ಒಂದರಿಂದ ಆರರವರೆಗೆ ಬರೆದು, ಪ್ರತಿಯೊಂದರ ಪಕ್ಕ ಸೂಜಿಯಿಂದ ಚರ್ಮ ಗೀರಿ, ಒಂದೊಂದು ಹನಿ ಬಿಟ್ಟರು. ಯಾವ ಸಂಖ್ಯೆ ಯಾವುದೆಂದು ಹೇಳಲಿಲ್ಲ. ಗೊತ್ತಾದರೆ ಮನಸ್ಸೇ ಉಬ್ಬಿಸಿಬಿಡುತ್ತದೆ ಎಂದರು. ನನಗೆ ಆ ಶಿಸ್ತು ಹಿಡಿಸಿತು. ನಾನೂ ಗಾಜು ನೋಡುವಾಗ ಅದು ಯಾವ ರೈತನ ಗೂಡೆಂದು ಕೇಳುವುದಿಲ್ಲ.

ಕಾಲು ಗಂಟೆಯಲ್ಲಿ ನಾಲ್ಕನೆಯ ಗೀರು ನಾಲ್ಕಾಣೆ ಅಗಲ ಊದಿಕೊಂಡಿತು. ಉಳಿದವು ಹಾಗೇ ಇದ್ದವು. ಡಾಕ್ಟರು ಅಡಿಪಟ್ಟಿ ಇಟ್ಟು ಅಳೆದು ಬರೆದುಕೊಂಡರು. ನಾಡಿದ್ದು ಬನ್ನಿ ಎಂದರು.

೪ ಏಪ್ರಿಲ್

ನಾನು ಹೋದಾಗ ದೊಡ್ಡಮಾದಪ್ಪ ಡಾಕ್ಟರ ಕೋಣೆಯಿಂದ ಹೊರಗೆ ಬರುತ್ತಿದ್ದ. ಡಾಕ್ಟರ ಷಾಪಿರುವ ಕಟ್ಟಡ ಅವನದು. "ಚಾವಣಿ ಸೋರ್ತದಂತೆ, ಅದ್ಕೆ ಕರೆಸಿದ್ರು," ಎಂದ.

ನಾಲ್ಕು ಎಂದರೆ ಮನೆಯ ದೂಳು ಮತ್ತು ಹಳೆ ಹತ್ತಿ ಸೇರಿದ್ದು ಎಂದು ಡಾಕ್ಟರು ಹೇಳಿದರು. ಅವೆರಡನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಕೊಟ್ಟಿದ್ದೆ. ಸೋಸುವಾಗ ಸೇರಿಸಿರಬಹುದು. ಜೊತೆಗೆ ಇಲ್ಲಿನ ಹವಾ, ತಂದೆಯ ಕಡೆಯಿಂದ ಬಂದ ದೇಹಗುಣ ಎಂದರು. ಪ್ರೆಡ್ನಿಸೊಲೋನ್ ಎಂಬ ಮಾತ್ರೆ ಬರೆದರು. ಮೊದಲು ದಿನಕ್ಕೆ ಆರು, ಆಮೇಲೆ ಮೂರು ದಿನಕ್ಕೊಂದು ಕಡಿಮೆ, ಥಟ್ಟನೆ ನಿಲ್ಲಿಸಬಾರದು.

ಚನ್ನಾಜಮ್ಮ ನಮ್ಮ ಮದುವೆಯ ಹಾಸಿಗೆ ದಿಂಬನ್ನು ಹಿತ್ತಲಲ್ಲಿ ಸುಟ್ಟಳು. ಅವಳ ತವರಿನಿಂದ ಬಂದ ಹತ್ತಿ ಅದು. "ವೋಗ್ಲಿ ಬುಡಿ, ನೀವು ಉಸ್ರಾಡಿದ್ರೆ ಸಾಕು," ಎಂದಳು. ಹೊಗೆಗೆ ನಾನು ಬೀದಿಗೆ ಹೋಗಿ ನಿಂತೆ.

೧೪ ಮೇ

ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದೆವು. ಹರಕೆ ಚನ್ನಾಜಮ್ಮನದು. ಅಜ್ಜೀಪುರದ ಹತ್ತಿರ ಬಸ್ಸು ಕೆಟ್ಟು ಎರಡು ಗಂಟೆ ಹುಣಸೆಮರದ ಕೆಳಗೆ ಕೂತೆವು. ತಾಳಬೆಟ್ಟದಿಂದ ನಡೆದು ಹತ್ತಿದೆ. ಎರಡು ಕಡೆ ಮಾತ್ರ ನಿಂತೆ, ಅದೂ ಚನ್ನಾಜಮ್ಮನಿಗಾಗಿ. ಆರು ದಿನ ಕೆಲಸದ ಕಡೆ ಹೋಗಿಲ್ಲ. ಆರು ದಿನವೂ ಒಂದೇ ದಿಂಬು. ಒಂದೇ ಉಸಿರಿಗೆ ಇಪ್ಪತ್ತೆಂಟು.

ನಾನು ದೇವರನ್ನು ನಂಬುವವನೋ ಅಲ್ಲವೋ ನನಗೇ ಖಚಿತವಿಲ್ಲ. ಬೆಟ್ಟದ ಮೇಲೆ ಆ ಪ್ರಶ್ನೆ ಏಳಲಿಲ್ಲ.

೧೬ ಮೇ

ನಿನ್ನೆ ಕೆಲಸಕ್ಕೆ ಹೋದೆ. ಹತ್ತೂವರೆಗೆ ಉಬ್ಬಸ. ಇವತ್ತು ಸೂಜಿ.

"ಮಾದಪ್ಪಂಗೆ ಏನ್ಲಾ ಮೋಸ ಮಾಡ್ದೆ?" ಎಂದು ದೊಡ್ಡಮಾದಪ್ಪ ಕೇಳಿದ. "ಅರ್ಧ ಅರಕೆ ತೀರ್ಸಿ ಬಂದಿದೀಯೆ. ಅದ್ಕೇ ಅರ್ಧ ಉಸ್ರು ಕೊಟ್ಟವ್ನೆ."

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ನಗುವುದಕ್ಕೂ ಉಸಿರು ಬೇಕು.

೨೯ ಜೂನ್

ಈ ತಿಂಗಳು ಗೂಡು ಕಡಿಮೆ. ಹನ್ನೆರಡು ದಿನ ಚಿಟ್ಟೆಕೋಣೆ ಮುಚ್ಚಿ, ಔಷಧ ಹೊಡೆದು, ಸುಣ್ಣ ಬಳಿಸಿದರು. ಅಷ್ಟು ದಿನವೂ ಚೆನ್ನಾಗಿದ್ದೆ. ಡಾಕ್ಟರು ಹೊಸ ದಿಂಬನ್ನೂ ಮಾತ್ರೆಯನ್ನೂ ಹೊಗಳಿದರು. ಇವತ್ತು ಕೋಣೆ ತೆರೆಯಿತು. ಮಧ್ಯಾಹ್ನದ ಹೊತ್ತಿಗೆ ಮೇಜಿನ ಅಂಚು ಹಿಡಿದು ಕೂತಿದ್ದೆ.

ಚನ್ನಾಜಮ್ಮನಿಗೆ ಓದು ಬರುವುದಿಲ್ಲ. ಊಟ ಬಡಿಸುತ್ತ ಹೇಳಿದಳು: "ಮನೇಲಿದ್ರೆ ಬರಾಕಿಲ್ಲ, ಬೆಟ್ಟಕ್ಕೋದ್ರೆ ಬರಾಕಿಲ್ಲ. ಅಲ್ಲಿಗೋದ್ರೇ ಬತ್ತದಲ್ಲ. ಮನೆ ದೂಳಿಗೆ ಮನೇಲಲ್ವರಾ ಬರಬೇಕು?"

ಡಾಕ್ಟರು ಸೀಸೆಯಲ್ಲಿ ನೋಡಿದ್ದಾರೆ, ನಿನಗೇನು ಗೊತ್ತು ಎಂದು ರೇಗಿದೆ. ಆಮೇಲೆ ಡಾಕ್ಟರಿಗೆಂದು ಇಟ್ಟ ನೋಟ್‌ಬುಕ್ಕನ್ನು ಮೊದಲಿನಿಂದ ತಿರುವಿ ಹಾಕಿದೆ. ಉಬ್ಬಸದ ದಿನಗಳಿಗೆಲ್ಲ ಕೆಂಪು ಗುರುತು ಹಾಕಿ, ಚಿಟ್ಟೆಕೋಣೆಯ ರಿಜಿಸ್ಟರಿನ ಪಕ್ಕ ಇಟ್ಟು ನೋಡಿದೆ. ನೋಡುವುದು ನನ್ನ ಕಸುಬು. ಹತ್ತೊಂಬತ್ತು ವರ್ಷ ಬೇರೆಯವರ ರೋಗವನ್ನೇ ನೋಡಿದ್ದೇನೆ.

೧೦ ಜುಲೈ

ಮೊನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಮೊನ್ನೆ ಹೆಂಗಸರು ಊಟಕ್ಕೆ ಎದ್ದ ಮೇಲೆ ಚಿಟ್ಟೆಯ ರೆಕ್ಕೆಯ ದೂಳನ್ನು ಕುಂಚದಿಂದ ಗಾಜಿನ ಮೇಲೆ ಕೂಡಿಸಿದೆ. ಉಪ್ಪುನೀರಿನಲ್ಲಿ ಕಲಸಿದೆ. ಇನ್ನೊಂದು ಗಾಜಿನಲ್ಲಿ ಬರಿ ಉಪ್ಪುನೀರು. ಎಡಗೈಯ ಮೇಲೆ ಎರಡು ಗೀರು ಹಾಕಿ ಎರಡು ಹನಿ ಬಿಟ್ಟು ಗಡಿಯಾರ ಇಟ್ಟುಕೊಂಡೆ. ಉಪ್ಪುನೀರಿನ ಗೀರು ಗೀರಾಗಿಯೇ ಉಳಿಯಿತು. ಇನ್ನೊಂದು ಏಳು ನಿಮಿಷಕ್ಕೇ ಬೆಳ್ಳಗೆ ಎದ್ದಿತು. ಅಂಚು ಕೆಂಪಾಗಿ ಮೊಣಕೈ ಕಡೆಗೆ ಬೇರು ಬಿಟ್ಟಿತು. ನಾನು ಅದರ ಚಿತ್ರ ಬರೆಯುತ್ತಿದ್ದೆ. ಚಿತ್ರ ಅರ್ಧವಾಗಿದೆ.

ಶಂಕರಮ್ಮ ನೀರಿನ ಚೊಂಬು ತೆಗೆದುಕೊಳ್ಳಲು ಬಂದವಳು ನೋಡಿದಳಂತೆ. ಚಿಟ್ಟೆ ಬಿಡಿಸುವ ಹೆಂಗಸರಲ್ಲಿ ಅವಳೇ ಚುರುಕು. "ನಾಗಯ್ಯನೋರು ನೀಲಿಯಾಗವ್ರೆ!" ಎಂದು ಕೂಗುತ್ತ ಬರಿಗಾಲಿನಲ್ಲಿ ಷಾಪಿನವರೆಗೆ ಓಡಿ ಡಾಕ್ಟರನ್ನು ಕರೆದುಕೊಂಡು ಬಂದಳು. ಅವರು ತೋಳಿಗೆ ಅಡ್ರಿನಲಿನ್ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ರಕ್ತನಾಳಕ್ಕೆ.

ಉಸಿರು ಬಂದಾಗ ನೋಡಿದೆ. ಡಾಕ್ಟರು ನನ್ನ ಎಡಗೈಯನ್ನು ಹಿಡಿದುಕೊಂಡಿದ್ದರು. ಎರಡು ಗೀರು, ಒಂದು ಊತ, ಪಕ್ಕದಲ್ಲಿ ಗಾಜು, ಕುಂಚ. ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು ಗುಂಡಿ ಹಾಕಿದರು.

ಗೀರಿಗೆ ಏನು ಹಚ್ಚಿಕೊಂಡೆ ಎಂದು ಕೇಳಲಿಲ್ಲ.

೧೩ ಜುಲೈ

ಷಾಪಿಗೆ ಹೋದೆ. ರೋಗಿಗಳು ಹೋಗುವವರೆಗೆ ಕಾದು, "ನಾಲ್ಕು ಯಾವುದು ಸಾರ್?" ಎಂದೆ.

ವರದರಾಜನ್ ಸ್ಟೆತಸ್ಕೋಪನ್ನು ಮಡಿಸಿ ಡ್ರಾಯರಿನಲ್ಲಿಟ್ಟರು. "ನಿಮಗೆ ಈಗ ಗೊತ್ತಲ್ಲ."

"ಏಪ್ರಿಲಿನಲ್ಲೇ ನಿಮಗೆ ಗೊತ್ತಿತ್ತು."

"ದೊಡ್ಡಮಾದಪ್ಪನವರು ಬಂದು ಕೇಳಿಕೊಂಡರು. ಹೇಳಿದರೆ ಕೆಲಸ ಬಿಡ್ತಾರೆ, ಮನೆ ನಡೆಯಲ್ಲ, ನಾನೇ ನಿಧಾನವಾಗಿ ಬೇರೆ ವ್ಯವಸ್ಥೆ ಮಾಡ್ತೀನಿ ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದರು. ನಾನು ಈ ಊರಿಗೆ ಹೊಸಬ." ಡ್ರಾಯರನ್ನು ಮುಚ್ಚಿ, "ಮಾತ್ರೆಯಿಂದ ತಡೆಯಬಹುದು ಅಂತ ಇತ್ತು ನಾಗಯ್ಯ," ಎಂದರು.

ಹೊರಡುವಾಗ ಅಭ್ಯಾಸದಂತೆ ಕೈಮುಗಿದೆ. ಮನೆಗೆ ಬಂದ ಮೇಲೆ ಆ ಎರಡು ಕೈಗಳ ಮೇಲೇ ಸಿಟ್ಟು ಬಂತು.

೧೫ ಜುಲೈ

ದೊಡ್ಡಮಾದಪ್ಪ ಮೊಟ್ಟೆಮನೆಯ ಹಿಂದೆ ಬಾವಿಕಟ್ಟೆಯ ಮೇಲೆ ಕೂತಿದ್ದ. ನನ್ನ ಮುಖ ನೋಡಿದ ಕೂಡಲೆ ಆಳನ್ನು ಆಚೆಗೆ ಕಳಿಸಿದ.

"ಡಾಕ್ಟ್ರು ಯೋಳುದ್ರು," ಎಂದ. "ಬಯ್ಯೋದಾದ್ರೆ ಬಯ್ದುಬುಡು."

"ಮೂರು ತಿಂಗಳು ಆ ಕೋಣೆಯಲ್ಲಿ ಕೂರಿಸಿದೆಯಲ್ಲೋ."

"ಯೋಳಿದ್ರೆ ಏನ್ ಮಾಡ್ತಿದ್ದೆ? ಅವತ್ತೇ ಟವಲ್ ಒದರ್ಕಂಡು ಓಯ್ತಿದ್ದೆ. ಎಲ್ಲಿಗೆ? ನಲವತ್ತಾರು ವರ್ಸಕ್ಕೆ ನಿಂಗೆ ಬ್ಯಾರೆ ಏನ್ ಬತ್ತದೆ? ನಿನ್ನಂಗೆ ಗಾಜು ನೋಡೋನು ನಂಗೆಲ್ಲಿ ಸಿಕ್ತಾನೆ? ಈ ಏಪ್ರಿಲ್ ಮೇ ಬೆಳೆ ನೀನಿಲ್ದೆ ಬುಟ್ಟಿದ್ರೆ ಗಂಟುರೋಗ ಬಂದು ಅರ್ಧ ತಾಲ್ಲೂಕು ನನ್ನ ಬಾಗ್ಲಾಗೆ ನಿಂತಿರೋದು ಕಣ್ಲಾ."

"ಸತ್ತಿದ್ದರೆ?"

"ಸಾಯಕ್ಕೆ ಬುಡ್ತಿದ್ನಾ? ಕಾರು ಬಾಗ್ಲಾಗೇ ನಿಲ್ಸಿದ್ದೆ. ಡ್ರೈವರ್ನ ಊಟಕ್ಕೂ ಕಳುಸ್ತಿರ್ನಿಲ್ಲ."

ಅದು ನಿಜ. ಕಾರು ದಿನವೂ ಬಾಗಿಲಲ್ಲೇ ಇರುತ್ತಿತ್ತು. ಅದನ್ನು ಪ್ರೀತಿ ಎಂದುಕೊಂಡಿದ್ದೆ. ಈಗಲೂ ಅಲ್ಲವೆಂದು ಹೇಳಲಾರೆ. ನನ್ನ ಪಾದ ಹಿಡಿದು ಕೂತವನಿಗೆ ಆ ಹೊತ್ತಿನಲ್ಲಿ ಎಲ್ಲ ಗೊತ್ತಿತ್ತು ಎಂಬುದು ಮಾತ್ರ ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ. ಮಾರ್ಚಿನಲ್ಲಿ ಗೊತ್ತಿರಲಿಲ್ಲ ಎಂದು ಲೆಕ್ಕ ಹಾಕಿ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಏಪ್ರಿಲಿನ ನಂತರವೂ ಹಿಡಿದಿದ್ದಾನೆ, ಐದು ಸಲ.

ಕೊನೆಗೆ ಅವನೇ ಹೇಳಿದ. ಯಳಂದೂರಿನಲ್ಲಿ ಮೊಟ್ಟೆ ಕಾರ್ಡು ಮಾರುವ ಅಂಗಡಿ ತೆಗೆಯುತ್ತಾನಂತೆ. ಅಲ್ಲಿ ಚಿಟ್ಟೆಯಿಲ್ಲ, ದೂಳಿಲ್ಲ. ತೊಳೆದು ಒಣಗಿಸಿದ ಕಾರ್ಡು ಮಾತ್ರ. ಸಂಬಳ ಇಷ್ಟೇ. ತನ್ನ ಅಣ್ಣನ ಮಗ ಕೆಂಪನಂಜಪ್ಪನಿಗೆ ತಿಂಗಳೊಳಗೆ ಗಾಜು ನೋಡುವುದನ್ನು ಕಲಿಸಿಕೊಟ್ಟು ನಾನು ಹೋಗಿ ಅಲ್ಲಿ ಕೂರಬೇಕು.

"ಒಂದೇ ಮಾತು ನಾಗಯ್ಯ. ಎಣ್ಣಾಳುಗಳ ತಾವ ಇದ್ನ ಆಡಬ್ಯಾಡ. ಒಬ್ಳು ಎದ್ರುಕಂಡ್ರೆ ಇಪ್ಪತ್ತು ಜನಾನೂ ಎದ್ದೋಯ್ತಾರೆ. ಅವ್ರಿಗೇನೂ ಆಗಿಲ್ಲ. ನಿನ್ನ ಮೈ ಅಂಗೆ, ಅಷ್ಟೆ."

ಅವನ ಮುಖ ನೋಡದೆ ಎದ್ದು ಬಂದೆ. ಆಗಲಿ ಎಂದೂ ಹೇಳಲಿಲ್ಲ.

೨೨ ಜುಲೈ

ಕೆಂಪನಂಜಪ್ಪನಿಗೆ ಪಾಠ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕಿಟಕಿಯ ಪಕ್ಕ ನಿಂತೇ ಹೇಳಿಕೊಡುತ್ತೇನೆ. ಕಣ ಯಾವುದು, ಗಾಳಿಗುಳ್ಳೆ ಯಾವುದು. ಹುಡುಗನಿಗೆ ತಾಳ್ಮೆಯಿಲ್ಲ.

ಶಂಕರಮ್ಮನಿಗೆ ಏನಾದರೂ ಮಾಡಬೇಕು ಅನ್ನಿಸುತ್ತಿತ್ತು. ಅವಳು ಓಡದಿದ್ದರೆ ನಾನಿಲ್ಲ. ಅವಳನ್ನು ಚಿಟ್ಟೆಕೋಣೆಯ ಮೇಸ್ತ್ರಿ ಮಾಡು ಎಂದು ದೊಡ್ಡಮಾದಪ್ಪನಿಗೆ ಚೀಟಿ ಬರೆದು ಕಳಿಸಿದೆ. ಮಾತು ಬಿಟ್ಟಿದ್ದೇನೆ, ಚೀಟಿ ಮಾತಲ್ಲ. ಇವತ್ತಿನಿಂದ ಅವಳು ಬೆಳಗಿನಿಂದ ಸಂಜೆಯವರೆಗೆ ಕೋಣೆಯ ಒಳಗೇ ಇರುತ್ತಾಳೆ. ಕೂಲಿ ಹೆಚ್ಚು.

"ನೀವೇ ಯೋಳುದ್ರಂತೆ ಸಾ. ಮಾದಪ್ಪ ನಿಮ್ಮನ್ನ ಚೆಂದಾಗಿಟ್ಟಿರ್ಲಿ," ಎಂದಳು. ಬಹಳ ದಿನಗಳ ಮೇಲೆ ಮನಸ್ಸು ಹಗುರವಾಯಿತು.

೧೧ ಆಗಸ್ಟ್, ಯಳಂದೂರು

ಅಂಗಡಿ ಬಸ್ ನಿಲ್ದಾಣದ ಎದುರಿಗೆ. ಗೋಡೆಗೆ ಒಂದು ಕನ್ನಡಿ, ಎರಡು ಬೀರು, ಒಂದು ಮೇಜು. ಜನ ಬಂದು ಕಾರ್ಡು ಕೇಳುತ್ತಾರೆ, ಕೊಡುತ್ತೇನೆ. ಇಲ್ಲಿಗೆ ಬಂದು ಹತ್ತು ದಿನವಾಯಿತು, ಉಬ್ಬಸ ಒಂದು ಸಲವೂ ಬಂದಿಲ್ಲ. ಪ್ರೆಡ್ನಿಸೊಲೋನ್ ದಿನಕ್ಕೆ ಅರ್ಧಕ್ಕೆ ಇಳಿದಿದೆ. ಒಂದೇ ಉಸಿರಿಗೆ ಮೂವತ್ತಾರು.

ದೊಡ್ಡಮಾದಪ್ಪ ನಿನ್ನೆ ಬಂದಿದ್ದ. ಅವನೇ ಏನೇನೋ ಮಾತಾಡಿ, ತಂದಿದ್ದ ಬಾಳೆಹಣ್ಣಿನ ಗೊನೆಯನ್ನು ಮೇಜಿನ ಮೇಲಿಟ್ಟು ಹೋದ. ಚನ್ನಾಜಮ್ಮ ಅಕ್ಕಪಕ್ಕದವರಿಗೆ ಹಂಚಿದಳು. ನಾನು ಒಂದನ್ನೂ ಮುಟ್ಟಲಿಲ್ಲ. ಗೊತ್ತಿದ್ದೂ ಹೇಳದೆ ಒಬ್ಬ ಮನುಷ್ಯ ಇನ್ನೊಬ್ಬನ ಎದುರಿಗೆ ಹೇಗೆ ಕೂತಿರುತ್ತಾನೆ? ದಿನಕ್ಕೆ ಎಷ್ಟು ಸಲ ನಾಲಗೆಯ ತುದಿಗೆ ಬಂದಿರಬೇಕು, ಎಷ್ಟು ಸಲ ನುಂಗಿರಬೇಕು? ಇದನ್ನೇ ಯೋಚಿಸುತ್ತ ಬೆಳಗಿನ ಬಸ್ಸುಗಳೆಲ್ಲ ಹೋದವು.

೧೯ ಆಗಸ್ಟ್

ಶಂಕರಮ್ಮ ಬಂದಿದ್ದಳು. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು. ಹೆಸರು ಪುಟ್ಟಮಾದಿ.

"ಕೆಲ್ಸ ಮುಗ್ಸಿ ಅಂಗೇ ಬಸ್ ಅತ್ತುಬುಟ್ಟೆ ಸಾ. ಸೀರೆ ಬದ್ಲಾಯ್ಸಕೂ ಒತ್ತಿರ್ನಿಲ್ಲ," ಎಂದು ಒಳಗೆ ಬರಲು ಹೊಸ್ತಿಲಿಗೆ ಕಾಲಿಟ್ಟಳು. ಅವಳ ಸೆರಗು ಭುಜದ ಹತ್ತಿರ ರೆಕ್ಕೆಯ ದೂಳಿನಿಂದ ಬೂದು ಬಣ್ಣಕ್ಕೆ ಹೊಳೆಯುತ್ತಿತ್ತು. ನಾನು ಎದ್ದು ಗೋಡೆಯ ಕಡೆ ಸರಿದೆ. ಒಳಗೆ ಸೆಕೆ, ಅಲ್ಲೇ ಜಗಲಿ ಮೇಲೆ ಕೂತ್ಕೋ, ಗಾಳಿ ಬರುತ್ತೆ ಎಂದೆ. ಕೂತಳು. ಮೂಗಿಗೆ ಟವಲು ಹಿಡಿದುಕೊಂಡು ಬಾಗಿಲಲ್ಲಿ ನಿಂತೆ.

ಮಗುವಿಗೆ ಹದಿನೈದು ದಿನದಿಂದ ಹೀಗಂತೆ. "ಅಗಲೊತ್ತು ಅವ್ವನ ತಾವ ಆಡ್ಕಂಡಿರ್ತದೆ. ನಾ ಓಗಿ ಎತ್ಕಂಡ್ರೆ ಸುರುವಾಯ್ತದೆ ನೋಡಿ, ಪೀಪಿ ಊದ್ದಂಗೆ. ನಮ್ಮವ್ವ ಅಂತಾಳೆ, ನೀನು ಮೇಸ್ತ್ರಿಯಾದ್ಮೇಲೆ ನಿನ್ನ ಕಂಡ್ರೆ ಮೊಗಕ್ಕೂ ಬಯ ಅಂತ." ನಗಲು ನೋಡಿದಳು. "ಈ ಕಾಯ್ಲೆ ನಿಮಗೆ ಗೊತ್ತಲ್ವರಾ ಸಾ. ಅದ್ಕೇ ತಕಂಬಂದೆ. ನಿಮ್ಗಿಂತ ಯಾರ್ಗೆ ಗೊತ್ತು?"

ಮಗುವಿನ ಅಂಗಿ ಎತ್ತಿಸಿ ದೂರದಿಂದಲೇ ನೋಡಿದೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಹೋಗುತ್ತಿತ್ತು. ಮೂಗಿನ ಹೊಳ್ಳೆ ಅಗಲವಾಗುತ್ತಿತ್ತು. ಎಣಿಸು ಎಂದೆ. ಅದಕ್ಕೆ ಹತ್ತರವರೆಗೆ ಬರುತ್ತಂತೆ, ಮೂರಕ್ಕೆ ನಿಂತಿತು. ವರದರಾಜನ್ ಆಗಿದ್ದರೂ ಇದಕ್ಕಿಂತ ಹೆಚ್ಚು ನೋಡಬೇಕಾದದ್ದು ಇರಲಿಲ್ಲ.

ನನ್ನ ಎಫೆಡ್ರಿನ್ ಮಾತ್ರೆಯನ್ನು ನಾಲ್ಕು ಭಾಗ ಮಾಡಿ ಒಂದು ಭಾಗವನ್ನು ಜೇನಿನಲ್ಲಿ ಅರೆದು ಕೊಟ್ಟೆ. ಉಳಿದ ಮೂರನ್ನು ಕಾಗದದಲ್ಲಿ ಕಟ್ಟಿ, ಹೊತ್ತು ಬಿಟ್ಟು ಹೊತ್ತು ಕೊಡಲು ಹೇಳಿದೆ. ಬಾಳೆಹಣ್ಣು, ಮೊಸರು ಬೇಡ. ನೀಲಿಯಾದರೆ ಒಂದು ಕ್ಷಣವೂ ಕಾಯದೆ ಡಾಕ್ಟರ ಹತ್ತಿರ ಓಡಬೇಕು. ಬಿಸಿನೀರು ಕುಡಿಸು, ಎತ್ತಿ ಕೂರಿಸಿ ಮಲಗಿಸು, ತಣ್ಣನೆ ಗಾಳಿ ತಾಗದ ಹಾಗೆ ನೋಡಿಕೋ. ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಅವಳು ಕೇಳಿದ್ದು ಏನು ಮಾಡಲಿ ಎಂದು. ಯಾಕೆ ಬಂತು ಎಂದು ಕೇಳಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದೇನೆ.

ಅರ್ಧ ಗಂಟೆಯಲ್ಲಿ ಮಗುವಿನ ಸದ್ದು ಸ್ವಲ್ಪ ಇಳಿಯಿತು. ಜಗಲಿಯ ಗಾಳಿಗೋ ಮಾತ್ರೆಗೋ. ಶಂಕರಮ್ಮ ಕಣ್ಣೊರೆಸಿಕೊಂಡಳು. ಕೆಲಸ ಹೇಗಿದೆ ಎಂದೆ. "ನಿಮ್ಮ ಪುಣ್ಯದಿಂದ ಚೆಂದಾಗದೆ ಸಾ. ಗೂಡು ಜಾಸ್ತಿ ಬಂದವೆ. ದೀಪಾವಳಿಗಂಟ ರಜವೇ ಇಲ್ಲ."

ಕೊಳ್ಳೇಗಾಲದ ಬಸ್ಸು ಬಂದು ನಿಂತಿತು. ಅವಳು ಎದ್ದು ಮಗುವನ್ನು ಎದೆಗೆ ಅವಚಿಕೊಂಡಳು. ಸಂಜೆಗಾಳಿ ಬೀಸುತ್ತಿತ್ತು. ನಾನು ಹೇಳಿದ್ದನ್ನು ಮರೆಯದೆ ಸೆರಗನ್ನು ಅದರ ತಲೆಯ ಮೇಲೆ ಎಳೆದು, ಮುಖದ ಸುತ್ತ ಸುತ್ತಿ, ಮೂಗಿನವರೆಗೆ ಮುಚ್ಚಿದಳು.

"ಇಂಗಾ ಸಾ?" ಎಂದು ಕೇಳಿದಳು.

ತಲೆಯಾಡಿಸಿದೆ.